ಮಡಿಲಲ್ಲಿ ಮೂರು ಫ್ಯೂಸು

ನಮ್ಮ ಸೀಮೆಯಲ್ಲಿ ಬೋರ್‌ವೆಲ್ಲಿನ ಮರ್ಯಾದೆಯೆಲ್ಲ ಇಂಚಿನ ಮೇಲೆ. ಎರಡಿಂಚು ನೀರು ಬಿದ್ದವನು ಮೀಸೆಯಲ್ಲೇ ನಗುತ್ತಾನೆ, ಮೂರಿಂಚು ಬಿದ್ದವನು ಬೀದಿಗೆಲ್ಲ ಸಿಹಿ ಹಂಚುತ್ತಾನೆ. ಚಿಕ್ಕಬಳ್ಳಾಪುರದ ಕಚೇರಿಯಲ್ಲಿ ಅಂತರ್ಜಲದ ಕೆಲಸಕ್ಕೆ ಸೇರಿದ ಮೇಲೆ ನಾನು ಮಾಡುತ್ತಿದ್ದುದೂ ಈ ಇಂಚಿನ ಕೆಲಸವೇ. ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ಎಂದು ಸುತ್ತುವುದು, ಬೋರಿಗೆ ಪಂಪು ಇಳಿಸಿ ಕೈಲಾದಷ್ಟು ನೀರು ಎಳೆಯುವುದು, ಎಷ್ಟು ಬಂತು, ಎಷ್ಟು ಹೊತ್ತು ಬಂತು ಎಂದು ಬರೆದುಕೊಳ್ಳುವುದು. ನೀರು ಭೋರೆಂದು ಬಂದರೆ ರೈತನಷ್ಟೇ ನನಗೂ ಖುಷಿ. ಯಾವ ಬೋರು ಕಂಡರೂ ಮೊದಲು ಜೋರಾಗಿ ಎಳೆದು ನೋಡುವುದು ನನ್ನ ಕೈಗೆ ಅಂಟಿಹೋಗಿತ್ತು. ಆ ಅಭ್ಯಾಸದಿಂದ ಹನ್ನೊಂದು ಜನರ ಅನ್ನಕ್ಕೆ ಕಲ್ಲು ಬೀಳುವುದರಲ್ಲಿತ್ತು.

ತೊಂಬತ್ತರ ದಶಕದ ಕೊನೆಯ ಮಾತು. ಚಿಂತಾಮಣಿ ಪೇಟೆ ಮುಗಿದು ಶಿಡ್ಲಘಟ್ಟದ ರಸ್ತೆಗೆ ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ರೇಷ್ಮೆ ನೂಲಿಗೆ ಬಣ್ಣ ಹಾಕುವ ಒಂದು ಶೆಡ್ಡಿತ್ತು. ನಾಲ್ಕು ದೊಡ್ಡ ಕಡಾಯಿ, ಹನ್ನೊಂದು ಕೆಲಸಗಾರರು. ಮಾಲೀಕರು ಪೇಟೆಯ ಮುಸ್ಲಿಂ ಮನೆತನದವರು, ಅರವತ್ತರ ಹತ್ತಿರದ ವಯಸ್ಸು, ಉಗುರಿನ ಸಂದಿಯಲ್ಲಿ ಸದಾ ಯಾವುದಾದರೊಂದು ಬಣ್ಣ. ಶೆಡ್ಡಿಗೆ ಅಂಟಿಕೊಂಡ ತೋಟ ಒಬ್ಬ ರೈತ ಹೆಂಗಸಿನದು. ಗಂಡನಿಗೆ ಕೋಲಾರದಲ್ಲಿ ನೌಕರಿ. ಜಮೀನು, ಹುಳುಮನೆ, ಬೋರು ಎಲ್ಲ ಆಕೆಯ ಉಸ್ತುವಾರಿ. ಆಕೆಯ ಬೋರಿನ ನೀರು ತೋಟಕ್ಕೆ ಹೋಗುವ ಮುಂಚೆ ಒಂದು ಸಿಮೆಂಟ್ ತೊಟ್ಟಿಗೆ ಬೀಳುತ್ತಿತ್ತು. ತೊಟ್ಟಿಯ ನಲ್ಲಿಯಿಂದ ಅಕ್ಕಪಕ್ಕದ ಮನೆಯವರೂ ಶೆಡ್ಡಿನವರೂ ಕುಡಿಯುವ ನೀರು ಹಿಡಿಯುತ್ತಿದ್ದರು. ಹದಿನೈದು ವರ್ಷ ಹೀಗೇ ನಡೆದಿತ್ತು.

ಆ ವರ್ಷದ ಮಳೆಗೆ ಶೆಡ್ಡಿನ ಹಿಂದೆ ಬಣ್ಣದ ಕೊಳೆನೀರು ಬಿಡುತ್ತಿದ್ದ ಗುಂಡಿ ತುಂಬಿ, ಕೆಂಪು ನೀರು ಬದುವಿನ ತನಕ ಹರಿಯಿತು. ಅದೇ ತಿಂಗಳು ಆಕೆಯ ರೇಷ್ಮೆ ಹುಳು ಒಂದು ಬೆಳೆ ಪೂರ್ತಿ ಸತ್ತಿತು. ಒಂದಕ್ಕೊಂದು ಸಂಬಂಧ ಇತ್ತೋ ಇಲ್ಲವೋ, ಆಕೆಯ ಮನಸ್ಸಿನಲ್ಲಿ ಎರಡೂ ಗಂಟು ಬಿದ್ದವು. ನಮ್ಮ ಕಚೇರಿಗೆ ಅರ್ಜಿ ಕೊಟ್ಟರು. ಬಣ್ಣ ಗಟ್ಟಿಯಾಗಿ ನಿಲ್ಲಲು ಕ್ರೋಮಿಯಂ ಇರುವ ಉಪ್ಪು ಬಳಸುವುದುಂಟು. ಅದು ಕುಡಿಯುವ ನೀರಿಗೆ ಇಳಿದರೆ ವಿಷ. ಇಳಿದಿದೆಯೇ ಎಂದು ನೋಡಲು ಶೆಡ್ಡಿಗೂ ಆಕೆಯ ಬೋರಿಗೂ ನಡುವೆ, ಬದುವಿನ ಮೇಲೆ, ನಾವು ಒಂದು ಪರೀಕ್ಷೆಯ ಬೋರು ಕೊರೆಸಿದೆವು. ನೀರು ನಲವತ್ತೊಂದು ಅಡಿಯಲ್ಲಿ ಸಿಕ್ಕಿತು. ನಲವತ್ತೈದರಿಂದ ಅರವತ್ತು ಅಡಿಯವರೆಗೆ ತೂತು ಕೊರೆದ ಪೈಪು ಇಳಿಸಿ, ಸುತ್ತ ಜಲ್ಲಿ ತುಂಬಿದೆವು. ಆ ತೂತುಗಳ ಮೂಲಕವೇ ಸುತ್ತಲ ನೀರು ಒಳಗೆ ಬರಬೇಕು.

ಮೊದಲ ಸಲ ನೀರು ತೆಗೆದ ದಿನ ನನಗೆ ಸಂಜೆಯೊಳಗೆ ಶಿಡ್ಲಘಟ್ಟದಲ್ಲಿ ಇನ್ನೊಂದು ಕೆಲಸವಿತ್ತು. ಬೋರಿನಲ್ಲಿ ನಿಂತ ಹಳೆ ನೀರನ್ನು ಹೊರಗೆ ಹಾಕಿ, ಹೊಸ ನೀರು ಬಂದ ಮೇಲೆ ಬಾಟಲಿ ತುಂಬಬೇಕು ಎನ್ನುವುದು ನಿಯಮ. ನಾನು ಜನರೇಟರ್ ಹಚ್ಚಿ ದೊಡ್ಡ ಪಂಪನ್ನೇ ಇಳಿಸಿದೆ. ಕಾಲು ಗಂಟೆಗೆ ಬೋರು ಬರಿದಾಯಿತು. ಸ್ವಲ್ಪ ಕಾದು ಮತ್ತೆ ಎಳೆದೆ. ಬಂದ ನೀರು ತೆಳು ಚಹಾದ ಬಣ್ಣಕ್ಕಿತ್ತು. ಲೋಹದ ಪರೀಕ್ಷೆಗೆ ಹಾಕಬೇಕಾದ ಆಸಿಡ್ಡಿನ ಹನಿಗಳನ್ನು ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಜೀಪು ಹತ್ತಿದೆ. ಬೆಂಗಳೂರಿನ ಲ್ಯಾಬಿನಿಂದ ಉತ್ತರ ಬಂತು: ಕ್ರೋಮಿಯಂ ಮಿತಿಗಿಂತ ಹೆಚ್ಚು. ನಾನು ವರದಿ ಬರೆದು ಸಹಿ ಹಾಕಿದೆ. ಎರಡನೇ ಸಲ ಯೋಚಿಸಲೂ ಇಲ್ಲ.

ವರದಿ ತಲುಪಿದ ದಿನವೇ ಆಕೆ ತೊಟ್ಟಿಯ ನಲ್ಲಿಗೆ ಹಳೆ ಸೀರೆಯ ಚೂರು ಸುತ್ತಿ ಬಿಗಿಯಾಗಿ ಕಟ್ಟಿಬಿಟ್ಟರು. ಮನೆಗಳವರು ಕುಡಿಯುವ ನೀರಿಗೆ ದೂರದ ಕೈಪಂಪಿಗೆ ನಡೆಯತೊಡಗಿದರು. ಶೆಡ್ಡು ಮುಚ್ಚಬೇಕೆಂದು ನೋಟಿಸು ಬಂತು. ಮಾಲೀಕರು ಜಗಳಕ್ಕೆ ಹೋಗಲಿಲ್ಲ. ನಾಲ್ಕರಲ್ಲಿ ಎರಡು ಕಡಾಯಿಯ ಬೆಂಕಿಯನ್ನು ತಾವಾಗಿಯೇ ಆರಿಸಿ, ಇನ್ನೊಂದು ಸಲ ಪರೀಕ್ಷೆ ಮಾಡಿಸಿ ಎಂದು ಅರ್ಜಿ ಹಾಕಿದರು. ಎರಡನೇ ವರದಿ ಬರುವವರೆಗೆ ಮಾತ್ರ ನೋಟಿಸಿಗೆ ತಡೆ ಸಿಕ್ಕಿತು.

ನನಗೆ ಸಿಟ್ಟು ಬಂದಿತ್ತು. ನನ್ನ ಕೆಲಸದ ಮೇಲೆ ಅನುಮಾನವೇ ಎಂದು ಗೊಣಗುತ್ತಲೇ ಹೊಸ ಬಾಟಲಿ ತರಲು ಬೆಂಗಳೂರಿನ ಲ್ಯಾಬಿಗೆ ಹೋದೆ. ಅಲ್ಲಿ ನೀರು ಪರೀಕ್ಷೆ ಮಾಡುವ ಮೇಡಂ ಮಾತು ಕಮ್ಮಿ, ಆಡಿದರೆ ನೇರ. ಹಳೆ ರಿಜಿಸ್ಟರ್ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಕ್ರೋಮಿಯಂ ಕಡಾಯಿಯಿಂದ ಬಂತು ಅಂತಿಟ್ಕೊಳ್ಳಿ. ಇಷ್ಟೊಂದು ಕಬ್ಬಿಣ ಎಲ್ಲಿಂದ ಬಂತು? ನೀವು ನನಗೆ ನೀರು ತಂದ್ಕೊಟ್ಟಿಲ್ಲ, ಮಣ್ಣು ತಂದ್ಕೊಟ್ಟಿದ್ದೀರಿ."

ಆಮೇಲೆ ಬಿಡಿಸಿ ಹೇಳಿದರು. ಆ ಕಡೆಯ ಕರಿಕಲ್ಲು ಕರಗಿ ಆದ ಮಣ್ಣಿನಲ್ಲಿ ಕಬ್ಬಿಣದ ಜೊತೆ ಸ್ವಲ್ಪ ಕ್ರೋಮಿಯಂ ಹುಟ್ಟಿನಿಂದಲೇ ಇರುತ್ತದೆ. ಮಣ್ಣಿಗೆ ಅಂಟಿಕೊಂಡು ಇರುವಷ್ಟು ಕಾಲ ಅದು ಯಾರಿಗೂ ತೊಂದರೆ ಕೊಡುವುದಿಲ್ಲ. ನಾನು ಜೋರಾಗಿ ಎಳೆದಾಗ ಬೋರಿನ ನೀರು ತೂತುಗಳಿಗಿಂತ ಕೆಳಕ್ಕೆ ಕುಸಿದಿದೆ. ಸುತ್ತಲ ನೀರು ಮೇಲಿನಿಂದ ಧುಮುಕುತ್ತ ಮಣ್ಣನ್ನು ತೊಳೆದುಕೊಂಡು ಬಂದಿದೆ. ನಾನು ಹಾಕಿದ ಆಸಿಡ್ಡು ಆ ಮಣ್ಣಿನಲ್ಲಿದ್ದುದನ್ನೆಲ್ಲ ಬಿಡಿಸಿಕೊಟ್ಟಿದೆ. ಮೇಡಂ ತಮ್ಮ ತಪ್ಪನ್ನೂ ಮುಚ್ಚಿಡಲಿಲ್ಲ. ನೀವು ಕೇಳಿದ್ದು ಕ್ರೋಮಿಯಂ ಒಂದೇ, ಕಬ್ಬಿಣದ ಸಾಲನ್ನು ನಾನು ಆವತ್ತೇ ನೋಡಬೇಕಿತ್ತು, ನೋಡಲಿಲ್ಲ ಎಂದರು.

ನೀರನ್ನು ಸೋಸಿ ತಂದರೆ ಆಗದೇ ಎಂದು ಕೇಳಿದೆ. ಸೋಸಿದರೆ ನಿಜವಾಗಿಯೂ ನೀರಿನ ಜೊತೆ ಸಾಗಿ ಬರುವುದರಲ್ಲೂ ಒಂದಷ್ಟು ಬಟ್ಟೆಯಲ್ಲೇ ಉಳಿದುಬಿಡಬಹುದು, ಆಗ ನೀರು ಕುಡಿಯುವ ಆ ಹೆಂಗಸಿಗೆ ಮೋಸವಾಗುತ್ತದೆ ಎಂದರು. ಉಳಿದದ್ದು ಒಂದೇ ದಾರಿ. ಬೋರಿನಲ್ಲಿ ನೀರಿನ ಮಟ್ಟ ಕೆಳಗಿಳಿಯದ ಹಾಗೆ, ನೆಲ ಎಷ್ಟು ಕೊಡುತ್ತದೋ ಅಷ್ಟನ್ನೇ ನಿಧಾನವಾಗಿ ತೆಗೆಯುವುದು. ಮೂರು ನಾಲ್ಕು ಇಂಚಿಗಿಂತ ಹೆಚ್ಚು ಇಳಿಯಬಾರದು. ಇಳಿದರೂ ಅಲ್ಲೇ ನಿಲ್ಲಬೇಕು. ನನಗೆ ನಾಚಿಕೆಯಾಗಿತ್ತು.

ಜೀಪಿನ ಡ್ರೈವರು ಅಲೀಪುರದವರು. ಅವರ ಮನೆಯಲ್ಲಿ ಎಲ್ಲರೂ ಹರಳಿಗೆ ಸಾಣೆ ಹಿಡಿಯುವವರು. ಇವರೂ ಹತ್ತು ವರ್ಷ ಆ ಕೆಲಸ ಮಾಡಿ, ಕಣ್ಣು ಸೋತು ಸ್ಟಿಯರಿಂಗ್ ಹಿಡಿದಿದ್ದರು. ವಾಪಸು ಬರುವಾಗ, ದೇವನಹಳ್ಳಿ ದಾಟಿದ ಮೇಲೆ, ಅವರ ಹತ್ತಿರ ನನ್ನ ಸಂಕಟ ಹೇಳಿಕೊಂಡೆ. ಹರಳನ್ನು ಒತ್ತಿ ಹಿಡಿದರೆ ಬೇಗ ಮುಗಿಯುತ್ತೆ, ಆದರೆ ಅಂಚು ಹಾರಿಹೋಗುತ್ತೆ ಎಂದರು ಅಷ್ಟೇ. ನೀರು ಬಿಡುವ ವಾಲ್ವನ್ನು ಈ ಸಲ ಅವರ ಕೈಗೇ ಕೊಡಬೇಕು ಎಂದು ನಾನು ಆಗಲೇ ತೀರ್ಮಾನಿಸಿದೆ. ನನ್ನ ಕೈಯ ಮೇಲೆ ನನಗೆ ನಂಬಿಕೆ ಉಳಿದಿರಲಿಲ್ಲ.

ಮೇಡಂ ಜೀಪಿನ ಬ್ಯಾಟರಿಯಿಂದ ಓಡುವ, ಬಾಳೆಕಾಯಿ ಗಾತ್ರದ ಒಂದು ಚಿಕ್ಕ ಪಂಪು ಕೊಟ್ಟಿದ್ದರು. ಮಾರನೆಯ ವಾರ ಬೆಳಿಗ್ಗೆ ಎಂಟಕ್ಕೆ ಬದುವಿನ ಮೇಲೆ ನಿಂತೆವು. ನೀರಿಗೆ ತಾಗಿದರೆ ಗುಯ್ಯೆನ್ನುವ ಟೇಪು ಬಿಟ್ಟು ಮಟ್ಟ ನೋಡಿದೆ: ನಲವತ್ತೊಂದು ಅಡಿ ಮೂರು ಇಂಚು. ತಳದ ಕೆಸರು ಏಳದಂತೆ ಪಂಪನ್ನು ಇಂಚಿಂಚಾಗಿ ಐವತ್ತೆರಡು ಅಡಿಗೆ ಇಳಿಸಿದೆವು. ಇಳಿಸಿದ ಗದ್ದಲಕ್ಕೆ ಅಲುಗಿದ ನೀರು ತಣ್ಣಗಾಗಲು ಒಂದು ಗಂಟೆ ಸುಮ್ಮನೆ ಕೂತೆವು. ಅಷ್ಟು ಹೊತ್ತು ಬೋರಿನ ಪಕ್ಕ ಏನೂ ಮಾಡದೆ ಕೂತದ್ದು ನನ್ನ ಸರ್ವೀಸಿನಲ್ಲೇ ಮೊದಲು.

ಪಂಪು ಶುರು ಮಾಡಿದೆವು. ನಿಮಿಷಕ್ಕೆ ಅರ್ಧ ಲೀಟರು ತೆಗೆದರೆ ಹತ್ತು ನಿಮಿಷದಲ್ಲಿ ನೀರು ಒಂದೂವರೆ ಅಡಿ ಇಳಿಯಿತು. ನಿಲ್ಲಿಸಿ, ಮಟ್ಟ ಮೇಲೆ ಬರುವವರೆಗೆ ಕಾದು, ಮುನ್ನೂರು ಮಿಲಿಗೆ ತಂದೆವು. ಆಗಲೂ ಇಳಿಯಿತು. ಡ್ರೈವರು ವಾಲ್ವಿನ ತಲೆಯನ್ನು ಎರಡು ಬೆರಳಲ್ಲಿ ಹಿಡಿದು, ಕಂಡೂ ಕಾಣದಷ್ಟು ತಿರುಗಿಸಿ ನೂರೈವತ್ತಕ್ಕೆ ನಿಲ್ಲಿಸಿದರು. ಮಟ್ಟ ಮೂರಿಂಚು ಇಳಿದು ನಿಂತಿತು. ನಾನು ಐದೈದು ನಿಮಿಷಕ್ಕೆ ಟೇಪು ನೋಡುವುದು, ಅಳತೆ ಲೋಟಕ್ಕೆ ನೀರು ಹಿಡಿದು ಗಡಿಯಾರ ನೋಡುವುದು, ಮೀಟರಿನಲ್ಲಿ ನೀರಿನ ಉಪ್ಪಿನಂಶ ನೋಡುವುದು, ಬರೆಯುವುದು. ಮೊದಲು ಮಬ್ಬಾಗಿದ್ದ ನೀರು ಬರುಬರುತ್ತ ತಿಳಿಯಾಯಿತು.

ತೋಟದ ಅಮ್ಮ ಸೊಪ್ಪು ಕುಯ್ಯುತ್ತಲೇ ನಮ್ಮನ್ನು ನೋಡುತ್ತಿದ್ದವರು ಹತ್ತಿರ ಬಂದು ಆ ಸಣ್ಣ ನಳಿಕೆಯನ್ನೂ ಅದರ ತುದಿಯ ದಾರದಂಥ ನೀರನ್ನೂ ದಿಟ್ಟಿಸಿದರು.

"ಇದೇನ್ ಸಾರ್, ಬೋರಿಗೆ ಗ್ಲುಕೋಸ್ ಹಾಕ್ದಂಗೈತೆ."

ಡ್ರೈವರು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ಗಂಟೆಗೆ ಮೂರು ಅಳತೆ ಒಂದೇ ಸಮ ಬಂದಿದ್ದವು. ಬಾಟಲಿಯ ಮುಚ್ಚಳ ತೆಗೆಯಬೇಕು ಅನ್ನುವಾಗ ಕೊನೆಯ ಸಲ ಟೇಪು ಬಿಟ್ಟೆ. ಮಟ್ಟ ಐದಿಂಚು ಇಳಿದಿತ್ತು. ವಾಲ್ವನ್ನು ಯಾರೂ ಮುಟ್ಟಿರಲಿಲ್ಲ. ನೋಡುತ್ತಿದ್ದಂತೆ ಒಂದಡಿ, ಎರಡಡಿ. ಆಮೇಲೆ ಕಿವಿಗೆ ಬಿತ್ತು. ತೋಟದ ಪಂಪ್‌ಹೌಸಿನಲ್ಲಿ ಸ್ಟಾರ್ಟರ್ ಗುಯ್ಯೆನ್ನುತ್ತಿತ್ತು, ತೊಟ್ಟಿಗೆ ನೀರು ಧೋ ಎಂದು ಬೀಳುತ್ತಿತ್ತು. ತ್ರೀ ಫೇಸ್ ಕರೆಂಟು ಬಂದಿತ್ತು. ಕರೆಂಟು ಯಾವಾಗ ಬರುತ್ತದೋ ಗೊತ್ತಿಲ್ಲದ ಆ ಸೀಮೆಯಲ್ಲಿ ಎಲ್ಲರ ಸ್ಟಾರ್ಟರೂ ಆಟೋಮ್ಯಾಟಿಕ್. ಬಂದ ಕೂಡಲೇ ಮೋಟರು ತಾನಾಗಿ ಓಡುತ್ತದೆ. ಆಕೆಯ ಬೋರು ಎಂಬತ್ತು ಅಡಿ ದೂರದಲ್ಲಿ ಎಳೆದರೆ ನಮ್ಮ ಬೋರಿನ ನೀರೂ ಕುಸಿಯುತ್ತಿತ್ತು. ಇದನ್ನು ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ. ವರ್ಷಗಟ್ಟಲೆ ಬೋರು ಅಳೆದವನು ಮೊದಲು ನೋಡಬೇಕಾದದ್ದೇ ಅದು. ಅಳತೆ ಲೋಟದಲ್ಲಿ ಮತ್ತೆ ಕೆಂಪು ಮಣ್ಣು ತೇಲಿತು. ಬೆಳಗಿನ ಕೆಲಸವೆಲ್ಲ ಹಾಳಾಯಿತು.

ತಪ್ಪು ನನ್ನದೇ ಆದಾಗ ಕೂಗಾಡುವುದು ನನ್ನ ಸ್ವಭಾವ. ಮೋಟರು ಯಾಕೆ ಆನ್ ಮಾಡಿದಿರಿ, ಹೇಳಿ ಮಾಡಬಾರದೇ ಎಂದು ಆಕೆಯ ಮೇಲೆ ರೇಗಿದೆ. ಆಕೆ ಕುಡುಗೋಲು ಕೆಳಗಿಟ್ಟು ಸಮಾಧಾನವಾಗಿಯೇ ಉತ್ತರ ಕೊಟ್ಟರು.

"ಕರೆಂಟ್ ಬಂತು, ಮೋಟ್ರು ಓಡ್ತು. ನಾನೇನು ಮಾಡ್ಲಿಲ್ಲ ಸಾರ್. ಮೊದಲ್ನೇ ಸತಿ ಒಂದ್ ಗಂಟೆನಾಗೆ ನೀರ್ ತಗೊಂಡ್ ಹೊಂಟೋದ್ರಿ. ಈಗ ಆಯಪ್ಪ ಅರ್ಜಿ ಹಾಕಿದ್ಮೇಲೆ ಹಿಂಗೆ ತೊಟ್ಟು ತೊಟ್ಟು ಹಿಡೀತಿದ್ದೀರಲ್ಲ, ಯಾಕೆ ಅಂತ ನಂಗೆ ತಿಳೀಬೇಕು."

ನಾವು ಶೆಡ್ಡಿನವರ ಪರ ಆಟ ಆಡುತ್ತಿದ್ದೇವೆ ಎನ್ನುವ ಅನುಮಾನ ಆ ಮಾತಿನಲ್ಲಿತ್ತು. ಇದು ಹೊಸ ವಿಧಾನ ಎಂದು ಏನಾದರೊಂದು ಹೇಳಿ ಜಾರಿಕೊಳ್ಳಬಹುದಿತ್ತು. ಡ್ರೈವರು ನನ್ನನ್ನೇ ನೋಡುತ್ತಿದ್ದರು. ಶೆಡ್ಡಿನ ಬಾಗಿಲಲ್ಲಿ ಮಾಲೀಕರೂ ನಿಂತಿದ್ದರು, ಅಷ್ಟು ದೂರದಿಂದ ಅವರಿಗೆ ಏನೂ ಕೇಳಿಸುತ್ತಿರಲಿಲ್ಲ.

"ಮೊದಲ್ನೇ ಸಲ ನಾನು ತಪ್ಪು ಮಾಡ್ದೆ ಅನ್ಸುತ್ತಮ್ಮ" ಎಂದೆ. "ಅವಸರಕ್ಕೆ ಎಳೆದು, ಮಣ್ಣು ಕಲಸಿ ಕೊಟ್ಟುಬಿಟ್ಟೆ. ನಿಮ್ಮ ನೀರು ಕೆಟ್ಟಿದ್ಯೋ ಇಲ್ವೋ ನನಗೆ ಈಗ್ಲೂ ಗೊತ್ತಿಲ್ಲ. ಗೊತ್ತಾಗ್ಬೇಕು ಅಂದ್ರೆ ಒಂದು ದಿನ ನಿಮ್ಮ ಮೋಟ್ರು ನಿಲ್ಬೇಕು."

ಒಂದು ದಿನ ಎನ್ನುವುದು ನನ್ನ ಬಾಯಲ್ಲಿ ಹಗುರವಾಗಿತ್ತು. ಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆಯಿಂದ, ಎದ್ದು ಹಗಲೂ ರಾತ್ರಿ ಸೊಪ್ಪು ಕಡಿಯುವ ವಾರ ಅದು. ಬಿಸಿಲು ಸುಡುತ್ತಿತ್ತು, ಕರೆಂಟು ಬರುವುದೇ ದಿನಕ್ಕೆ ಮೂರ್ನಾಲ್ಕು ಗಂಟೆ. ಒಂದು ಸರದಿ ನೀರು ತಪ್ಪಿದರೆ ಸೊಪ್ಪು ಬಾಡುತ್ತದೆ, ಬಾಡಿದ ಸೊಪ್ಪು ತಿಂದ ಹುಳು ಗೂಡು ಸರಿಯಾಗಿ ಕಟ್ಟುವುದಿಲ್ಲ. ಒಂದು ಬೆಳೆ ಆಗಲೇ ಕಳೆದುಕೊಂಡಿದ್ದ ಹೆಂಗಸಿನ ಹತ್ತಿರ ನಾನು ಇದನ್ನು ಕೇಳಿದ್ದೆ. ಅದೂ ತಾನೇ ಯಾರ ಮೇಲೆ ದೂರು ಕೊಟ್ಟಿದ್ದರೋ ಆ ಮನುಷ್ಯ ನಿರಪರಾಧಿಯೋ ಏನೋ ಎಂದು ತಿಳಿಯುವುದಕ್ಕೆ. ನಾಳೆ ಬನ್ನಿ ಎಂದಷ್ಟೇ ಹೇಳಿ ಹುಳುಮನೆಗೆ ಹೋದರು. ಒಪ್ಪಿದರೋ ಇಲ್ಲವೋ ತಿಳಿಯಲಿಲ್ಲ.

ಮಾರನೆಯ ದಿನ ನಾವು ಹೋಗುವ ಹೊತ್ತಿಗೆ ಆಕೆ ಪಂಪ್‌ಹೌಸಿನ ಮುಂದೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮಡಿಲಲ್ಲಿ ಬಿಳಿ ಪಿಂಗಾಣಿಯ ಮೂರು ಫ್ಯೂಸುಗಳು. ಸ್ಟಾರ್ಟರ್ ಆಫ್ ಮಾಡಿದರೆ ಸಾಕಿತ್ತಲ್ಲಮ್ಮ ಎಂದೆ. ಸೊಪ್ಪಿಗೆ ಬರುವ ಕೂಲಿಯವರು ಕರೆಂಟು ಬಂದದ್ದು ಕಂಡರೆ ಉಪಕಾರ ಮಾಡಲು ಹೋಗಿ ಆನ್ ಮಾಡಿಬಿಡುತ್ತಾರೆ, ಯಾರನ್ನೆಂದು ಕಾಯುವುದು, ಇದು ನನ್ನ ಹತ್ತಿರವೇ ಇರಲಿ ಎಂದರು.

ಆವತ್ತು ಕರೆಂಟು ಹತ್ತೂವರೆಗೇ ಬಂತು. ಸುತ್ತಮುತ್ತಲ ತೋಟಗಳಲ್ಲೆಲ್ಲ ಮೋಟರುಗಳು ಓಡತೊಡಗಿದವು, ಕಾಲುವೆಗಳಲ್ಲಿ ನೀರು ಹರಿಯುವ ಸದ್ದು. ಆಕೆ ಒಂದು ಸಲ ಬಾಡುತ್ತಿದ್ದ ತನ್ನ ತೋಟದ ಕಡೆ ನೋಡಿ, ಸೆರಗನ್ನು ಫ್ಯೂಸುಗಳ ಮೇಲೆ ಎಳೆದುಕೊಂಡರು. ಉಳಿದ ಬೋರುಗಳು ದೂರದವು, ನಮ್ಮ ಮಟ್ಟಕ್ಕೆ ಏನೂ ಆಗಲಿಲ್ಲ. ನಲವತ್ತೊಂದು ಅಡಿ ಆರು ಇಂಚಿನಲ್ಲಿ ನೀರು ಅಲ್ಲಾಡದೆ ನಿಂತಿತು. ಡ್ರೈವರು ಊಟಕ್ಕೂ ಏಳದೆ ವಾಲ್ವಿನ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಮೂರು ಸಲ, ಆಮೇಲೆ ಅನುಮಾನಕ್ಕೆ ಇನ್ನೆರಡು ಸಲ, ಅಳತೆ ಒಂದೇ ಬಂತು. ಮಧ್ಯಾಹ್ನ ಒಂದು ಗಂಟೆಗೆ ಬಾಟಲಿ ತುಂಬಿದೆ. ಎತ್ತಿ ಹಿಡಿದರೆ ಆಚೆ ಬದಿಗೆ ಶೆಡ್ಡಿನ ಹೆಂಚು ಕಾಣಿಸುವಷ್ಟು ತಿಳಿಯಾಗಿತ್ತು. ಅಷ್ಟು ಹೊತ್ತಿನಲ್ಲಿ ಒಟ್ಟು ಹೊರಬಂದ ನೀರು ಒಂದೆರಡು ಕೊಡ ಆಗಿರಬಹುದು. ಮುಗಿಯಿತಮ್ಮ ಎಂದ ಕೂಡಲೇ ಆಕೆ ಎದ್ದು ಫ್ಯೂಸು ಸಿಕ್ಕಿಸಿದರು. ಕರೆಂಟು ಹೋಗಲು ಇನ್ನು ಒಂದು ಗಂಟೆಯೂ ಇರಲಿಲ್ಲ.

ಹತ್ತು ದಿನಕ್ಕೆ ಉತ್ತರ ಬಂತು. ಕ್ರೋಮಿಯಂ ಮಿತಿಗಿಂತ ಬಹಳ ಕೆಳಗೆ, ಇದೆ ಎಂದು ಹೇಳಲಾಗದಷ್ಟು. ಆವತ್ತೇ ಆಕೆಯ ತೊಟ್ಟಿಯಿಂದ ತುಂಬಿ ತಂದಿದ್ದ ನೀರೂ ಹಾಗೇ ಇತ್ತು.

ನಮ್ಮ ಮೇಲಧಿಕಾರಿ ಒಳ್ಳೆಯ ಮನುಷ್ಯರು, ಯಾರಿಗೂ ಕೇಡು ಬಯಸಿದವರಲ್ಲ. ವರದಿಯ ಒಕ್ಕಣೆ ಅವರೇ ಹೇಳಿಕೊಟ್ಟರು: ಸದ್ಯಕ್ಕೆ ಕ್ರೋಮಿಯಂ ಪ್ರಮಾಣ ಮಿತಿಯೊಳಗೆ ಇಳಿದಿರುತ್ತದೆ. ಶೆಡ್ಡು ಉಳಿಯುತ್ತದೆ, ನಿಮಗೂ ತೊಂದರೆಯಿಲ್ಲ ಎಂದರು. ನಾನು ಆ ವಾಕ್ಯ ಬರೆದೂ ಬರೆದೆ. ಆಮೇಲೆ ಇಳಿದಿರುತ್ತದೆ ಎನ್ನುವ ಆ ಒಂದು ಮಾತಿನ ಮುಂದೆ ಪೆನ್ನು ನಿಂತುಹೋಯಿತು. ಇಳಿದಿದೆ ಎಂದರೆ ಹಿಂದೆ ಇತ್ತು ಎಂದಾಯಿತು. ಬಣ್ಣದವರು ಒಂದು ಕಾಲಕ್ಕೆ ನೀರಿಗೆ ವಿಷ ಬೆರೆಸಿದ್ದರು ಎನ್ನುವುದು ನನ್ನ ಸಹಿಯಡಿ ಹಾಗೇ ಉಳಿಯುತ್ತದೆ. ಮುಂದೆ ಹುಳು ಸತ್ತಾಗೆಲ್ಲ ಆ ಕಾಗದ ಹೊರಗೆ ಬರುತ್ತದೆ. ಹಾಳೆ ಹರಿದು ಬೇರೆ ಬರೆದೆ. ಮೊದಲ ಮಾದರಿಯನ್ನು ನಾನು ಸರಿಯಾಗಿ ತೆಗೆಯಲಿಲ್ಲ, ವೇಗವಾಗಿ ಪಂಪು ಮಾಡಿದ್ದರಿಂದ ಮಣ್ಣು ಬೆರೆತಿತ್ತು, ಆ ಫಲಿತಾಂಶವನ್ನು ರದ್ದು ಮಾಡಬೇಕು. ಮೇಲಧಿಕಾರಿ ಎರಡು ಸಲ ಓದಿ, ಸುಮ್ಮನೆ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಎಂದರು. ಕೊನೆಗೆ ಮೇಲಕ್ಕೆ ಕಳಿಸಿದರು. ನನಗೆ ಒಂದು ಮೆಮೊ ಬಂತು. ಬರಬೇಕಾದದ್ದೇ.

ಪ್ರತಿಗಳನ್ನು ಅಂಚೆಗೆ ಹಾಕಬಹುದಿತ್ತು. ಮನಸ್ಸು ಒಪ್ಪದೆ ನಾನೇ ತೆಗೆದುಕೊಂಡು ಹೋದೆ. ಮೊದಲು ಶೆಡ್ಡಿಗೆ. ಮಾಲೀಕರು ಕಾಗದವನ್ನು ಕಣ್ಣ ಹತ್ತಿರ ತಂದು ಪೂರ್ತಿ ಓದಿದರು. ಬೈಯುತ್ತಾರೆ ಎಂದು ಕಾದೆ. ಕಾಗದ ಮಡಚಿ ನನಗೇ ವಾಪಸು ಕೊಟ್ಟರು.

"ನಂಗೆ ಗೊತ್ತಿತ್ತು ಸಾರ್, ನಾವು ಆ ಕ್ರೋಮ್ ಉಪ್ಪು ಬಿಟ್ಟು ಆರ್ ವರ್ಷ ಆಯ್ತು. ಯಾರೂ ಕೇಳ್ಲಿಲ್ಲ. ಇದನ್ನ ತೋಟದ ಅಕ್ಕನಿಗೆ ಓದಿ ಹೇಳಿ. ನಂಗೆ ಅಷ್ಟ್ ಸಾಕು."

ನನ್ನ ಮುಖಕ್ಕೆ ಹೊಡೆದ ಹಾಗಾಯಿತು. ಯಾವ ಉಪ್ಪು ಬಳಸುತ್ತೀರಿ ಎಂದು ಒಂದು ಮಾತು, ಅಷ್ಟು ಸಲ ಆ ಬದುವಿನ ಮೇಲೆ ನಿಂತವನು ನಾನು ಕೇಳಿರಲಿಲ್ಲ.

ಬದು ದಾಟಿ ತೋಟಕ್ಕೆ ಹೋದೆ. ಹುಳುಮನೆಯಲ್ಲಿ ಗೂಡು ಬಿಡಿಸುತ್ತಿದ್ದರು. ಬೆಳೆ ಹೇಗಾಯಿತು ಎಂದು ಕೇಳಲು ಹೆದರಿದೆ. ಅವರೇ ಒಂದು ಗೂಡು ಕೈಗಿಟ್ಟು, ಒಂಚೂರು ತೆಳ್ಳಗೆ ಬಂದಿದೆ, ಆದರೂ ಮೋಸವಿಲ್ಲ ಎಂದರು. ವರದಿ ಓದಿ ಹೇಳಿದೆ, ನನ್ನ ತಪ್ಪಿನ ಸಾಲನ್ನು ಬಿಡದೆ. ಆಕೆ ಕೆಲಸ ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ಕೈಯಲ್ಲಿದ್ದ ಗೂಡಿನ ಎಳೆ ಬಿಡಿಸುತ್ತ ಮಾತು ತೆಗೆದರು.

"ಹಂಗಾದ್ರೆ ಈ ಮೂರು ತಿಂಗ್ಳು ಆಯಪ್ಪ ಎದುರಿಗೆ ಬಂದ್ರೂ ನಾನು ಮುಖ ತಿರುಗಿಸ್ಕೊಂಡು ಹೋದ್ನಲ್ಲ ಸಾರ್, ಅದುನ್ನ ಯಾವ ಕಾಗದ್ದಾಗೆ ರದ್ದು ಮಾಡ್ತೀರ?"

ನನ್ನದೇ ತಪ್ಪಮ್ಮ ಎಂದೆ. ಅರ್ಧ ನಿಮ್ದು, ಅರ್ಧ ನಂದು ಎನ್ನುತ್ತ ಎದ್ದು ಹೊರಗೆ ಬಂದರು. ತೊಟ್ಟಿಯ ನಲ್ಲಿಗೆ ಸುತ್ತಿದ್ದ ಸೀರೆ ಚೂರಿನ ಗಂಟು ನೀರು ಬಿದ್ದು ಬಿಸಿಲು ಬಿದ್ದು ಕಲ್ಲಾಗಿತ್ತು. ಉಗುರಿನಿಂದ ಆಗದೆ ಕುಡುಗೋಲು ತಂದು ಕೊಯ್ದರು. ಹಿತ್ತಾಳೆ ಕೊಡವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಮೊದಲು ಬಂದ ನೀರು ಚೆಲ್ಲಿ, ತುಂಬಿಸಿ ಸೊಂಟಕ್ಕೇರಿಸಿದರು. ನಾನು ಹಿಡಿಯಲು ಹೋದೆ, ಬೇಡ ಎಂದರು.

ಆಕೆ ಬದು ದಾಟುವುದನ್ನು ನೋಡುತ್ತ ನಾನು ತೊಟ್ಟಿಯ ಹತ್ತಿರವೇ ನಿಂತೆ. ಶೆಡ್ಡಿನೊಳಗೆ ಕೆಲಸಗಾರರು ಕೈ ನಿಲ್ಲಿಸಿದರು. ಮಾಲೀಕರು ಕೈಯ ಬಣ್ಣವನ್ನು ಲುಂಗಿಗೆ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವರಿಬ್ಬರೂ ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ, ನನಗೆ ಕೇಳಿಸಲಿಲ್ಲ. ಮಾಲೀಕರು ಲೋಟಕ್ಕೂ ಕಾಯದೆ ಎರಡು ಕೈ ಸೇರಿಸಿ ಬೊಗಸೆ ಒಡ್ಡಿದರು, ಆಕೆ ಕೊಡ ಬಗ್ಗಿಸಿದರು. ಬೊಗಸೆ ತುಂಬಿ ಚೆಲ್ಲದ ಹಾಗೆ, ಅವರು ಕುಡಿದಷ್ಟು ಕುಡಿದಷ್ಟು ನೋಡಿಕೊಂಡು, ಸಣ್ಣಗೆ ನೀರು ಬಿಡುತ್ತಿದ್ದರು.